ಫೆಬ್ರವರಿ 21ರಂದು ಒಬ್ಬ ಉರ್ದು ಮೇಷ್ಟ್ರು ಹೇಳಬೇಕಾದ ಪಾಠ

ನಾನು ಹೈದರಾಬಾದಿನಲ್ಲಿ ಉರ್ದು ಕಲಿಸುವ ಮೇಷ್ಟ್ರು. ಊರು ರಾಯಚೂರು ಕಡೆ. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬಿ.ಎಡ್. ಮಾಡುವಾಗ ಇಂಗ್ಲಿಷ್, ಈಗ ಕೆಲಸದ ಊರಿನಲ್ಲಿ ತೆಲುಗು. ಇದನ್ನು ಓದುತ್ತಿರುವ ನಿಮ್ಮ ಕಥೆಯೂ ಹೆಚ್ಚುಕಡಿಮೆ ಇದೇ ಇರಬಹುದು. ಮುಂಬೈಯಲ್ಲಿದ್ದರೆ ತೆಲುಗಿನ ಜಾಗದಲ್ಲಿ ಮರಾಠಿ, ಚೆನ್ನೈನಲ್ಲಿದ್ದರೆ ತಮಿಳು, ಅಷ್ಟೇ ವ್ಯತ್ಯಾಸ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಫೆಬ್ರವರಿ 21ರಂದು ಅಂತಾರಾಷ್ಟ್ರೀಯ ಮಾತೃಭಾಷಾ ದಿನ ಆಚರಿಸಿದೆವು. ಬೋರ್ಡಿನ ಮೇಲೆ ಚಂದದ ನಸ್ತಲೀಖ್ ಅಕ್ಷರದಲ್ಲಿ ಉರ್ದುವಿನ ಹಿರಿಮೆಯನ್ನು ಬರೆಸಿದ್ದೆ. ಮಕ್ಕಳು ಪದ್ಯ ಓದಿದರು, ಚಪ್ಪಾಳೆ ತಟ್ಟಿದರು. ಕೊನೆಗೆ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಇಕ್ಕೀಸ್ ತಾರೀಖ್‌ಕೂಚ್ ಕಾಯ್ಕು ಸರ್?" ಅಂದ. ಇಪ್ಪತ್ತೊಂದನೇ ತಾರೀಖೇ ಯಾಕೆ ಅಂತ ಅವನ ಪ್ರಶ್ನೆ.

ಯುನೆಸ್ಕೋದವರು ನಿಗದಿ ಮಾಡಿದ್ದಾರೆ ಅಂತ ಹೇಳಿ ಕೂರಿಸಿದೆ. ನಿಜವಾದ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಯಾಕಂದ್ರೆ ಆ ದಿನ ಜಗತ್ತು ನೆನೆಯುವುದು, ತಮ್ಮ ಮೇಲೆ ಉರ್ದು ಹೇರಿದ್ದನ್ನು ವಿರೋಧಿಸಿ ಗುಂಡಿಗೆ ಬಲಿಯಾದ ಹುಡುಗರನ್ನು. ಉರ್ದು ತರಗತಿಯಲ್ಲಿ ನಿಂತು ಉರ್ದು ಮೇಷ್ಟ್ರು ಇದನ್ನು ಹೇಗೆ ಹೇಳೋದು? ಅವತ್ತು ಆ ಹುಡುಗನಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಹೇಳುತ್ತೇನೆ.

1947ರಲ್ಲಿ ಪಾಕಿಸ್ತಾನ ಹುಟ್ಟಿದಾಗ ಅದು ಎರಡು ತುಂಡುಗಳ ದೇಶ. ಎರಡರ ನಡುವೆ ಸುಮಾರು ಸಾವಿರ ಮೈಲಿ ಭಾರತದ ನೆಲ. ಒಟ್ಟು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮಾತು ಬಂಗಾಳಿ. ಉರ್ದು ಮನೆಮಾತಾಗಿದ್ದವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಪಶ್ಚಿಮದ ತುಂಡಿನಲ್ಲೂ ಜನ ಆಡುತ್ತಿದ್ದದ್ದು ಪಂಜಾಬಿ, ಸಿಂಧಿ, ಪಶ್ತೋ, ಬಲೂಚಿ. ಆದರೂ ಅದೇ ವರ್ಷದ ಕೊನೆಯಲ್ಲಿ ಕರಾಚಿಯಲ್ಲಿ ನಡೆದ ಶಿಕ್ಷಣ ಸಮ್ಮೇಳನ ಉರ್ದುವೊಂದೇ ರಾಷ್ಟ್ರಭಾಷೆಯಾಗಬೇಕು ಎಂದು ಶಿಫಾರಸು ಮಾಡಿತು. ಹೊಸ ಅಂಚೆ ಚೀಟಿ, ನೋಟುಗಳಲ್ಲಿ ಬಂಗಾಳಿ ಕಾಣಲಿಲ್ಲ. ಸರ್ಕಾರಿ ನೌಕರಿಯ ಪರೀಕ್ಷೆಗಳ ವಿಷಯಪಟ್ಟಿಯಿಂದಲೂ ಬಂಗಾಳಿಯನ್ನು ಕೈಬಿಟ್ಟರು.

1948ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಕೊಮಿಲ್ಲಾದ ಧೀರೇಂದ್ರನಾಥ ದತ್ತ ಒಂದು ಸಣ್ಣ ತಿದ್ದುಪಡಿ ಮಂಡಿಸಿದರು. ಸಭೆಯಲ್ಲಿ ಇಂಗ್ಲಿಷ್ ಮತ್ತು ಉರ್ದುವಿನ ಜೊತೆಗೆ ಬಂಗಾಳಿಯಲ್ಲೂ ಮಾತಾಡಲು ಬಿಡಿ ಎಂಬುದಷ್ಟೇ ಬೇಡಿಕೆ. ಪ್ರಧಾನಿ ಲಿಯಾಖತ್ ಅಲಿ ಖಾನ್ ವಿರೋಧಿಸಿದರು, ತಿದ್ದುಪಡಿ ಬಿದ್ದುಹೋಯಿತು. ಮಾರ್ಚ್ 21ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಜಿನ್ನಾ ಅವರು ಉರ್ದು ಬಿಟ್ಟರೆ ಬೇರೆ ರಾಷ್ಟ್ರಭಾಷೆ ಇಲ್ಲ ಎಂದು ಸಾರಿದರು. ಮೂರು ದಿನ ಬಿಟ್ಟು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅದನ್ನೇ ಮತ್ತೆ ಹೇಳಿದಾಗ ವಿದ್ಯಾರ್ಥಿಗಳು ಅವರ ಮುಖದ ಮುಂದೆಯೇ 'ಇಲ್ಲ, ಇಲ್ಲ' ಎಂದು ಕೂಗಿದರು. ಗಮನಿಸಿ, ಜಿನ್ನಾ ಅವರದು ಗುಜರಾತಿ ಮನೆತನ. ಉರ್ದುವಿನ ಪರವಾಗಿ ಅವರು ಢಾಕಾದಲ್ಲಿ ಮಾತಾಡಿದ್ದು ಇಂಗ್ಲಿಷಿನಲ್ಲಿ.

ಉರ್ದು ಬೇಕು ಅಂದವರ ವಾದವೇನು? ಉರ್ದು ಮುಸ್ಲಿಮರ ಭಾಷೆ, ದೇಶವನ್ನು ಒಂದುಗೂಡಿಸುವ ಭಾಷೆ, ಬಂಗಾಳಿಯಲ್ಲಿ ಹಿಂದೂ ವಾಸನೆ ಇದೆ ಎನ್ನುವುದು. ಬಂಗಾಳಿಯನ್ನು ಅರಬಿ ಲಿಪಿಯಲ್ಲಿ ಬರೆಸುವ ಯೋಜನೆಯನ್ನೂ ಮುಂದಿಟ್ಟರು. ಆ ಹೊತ್ತಿಗಾಗಲೇ ಬಂಗಾಳದ ಮುಸ್ಲಿಮರು ಕೆಲವು ಶತಮಾನಗಳಿಂದ ತಮ್ಮ ಧರ್ಮವನ್ನು ಬಂಗಾಳಿಯಲ್ಲೇ ಹೇಳಿಕೊಂಡು, ಹಾಡಿಕೊಂಡು ಬಂದಿದ್ದರು. ಅವರ ಈಮಾನಿಗೆ ಏನೂ ಕಡಿಮೆಯಾಗಿರಲಿಲ್ಲ. ಸೂರಾ ರೂಮ್ ಓದಿದವರಿಗೆ ಗೊತ್ತಿದೆ, ಮನುಷ್ಯರ ಭಾಷೆ ಮತ್ತು ಬಣ್ಣ ಬೇರೆ ಬೇರೆಯಾಗಿರುವುದನ್ನು ಕುರ್‌ಆನ್ ಸೃಷ್ಟಿಕರ್ತನ ಕುರುಹುಗಳ ಸಾಲಿನಲ್ಲಿ ಎಣಿಸುತ್ತದೆ. ಧರ್ಮದ ಹೆಸರಿನಲ್ಲಿ ಆ ಕುರುಹನ್ನೇ ಅಳಿಸಲು ಹೊರಟದ್ದು ಎಂಥ ವಿಪರ್ಯಾಸ, ನೀವೇ ಯೋಚಿಸಿ.

1952ರ ಜನವರಿಯಲ್ಲಿ ಪ್ರಧಾನಿ ಖ್ವಾಜಾ ನಾಜಿಮುದ್ದೀನ್ ಢಾಕಾಕ್ಕೆ ಬಂದು ಮತ್ತದೇ ಮಾತಾಡಿದರು. ವಿದ್ಯಾರ್ಥಿಗಳು ಫೆಬ್ರವರಿ 21ರಂದು ಹರತಾಳಕ್ಕೆ ಕರೆ ಕೊಟ್ಟರು. ಸರ್ಕಾರ 144ನೇ ಸೆಕ್ಷನ್ ಹಾಕಿತು. ವಿದ್ಯಾರ್ಥಿಗಳು ಅದನ್ನು ಮುರಿದರು. ಮಧ್ಯಾಹ್ನ ಢಾಕಾ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಹತ್ತಿರ ಪೊಲೀಸರು ಗುಂಡು ಹಾರಿಸಿದರು. ಆ ದಿನ ಮತ್ತು ಮಾರನೇ ದಿನದ ಗುಂಡಿಗೆ ಬಲಿಯಾದವರಲ್ಲಿ ಈ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ: ಅಬುಲ್ ಬರ್ಕತ್, ರಫೀಕುದ್ದೀನ್, ಅಬ್ದುಲ್ ಜಬ್ಬಾರ್, ಅಬ್ದುಸ್ ಸಲಾಂ, ಶಫಿಯುರ್ ರಹಮಾನ್. ಬರ್ಕತ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಹುಟ್ಟಿದ್ದು ಈಗ ಭಾರತದಲ್ಲಿರುವ ಮುರ್ಷಿದಾಬಾದ್ ಜಿಲ್ಲೆಯಲ್ಲಿ. ಸಲಾಂ ಸರ್ಕಾರಿ ಕಚೇರಿಯ ಸಣ್ಣ ನೌಕರ. ಶಫಿಯುರ್ ಹೈಕೋರ್ಟಿನ ನೌಕರ. ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ನನ್ನ ಹಾಜರಿ ಪುಸ್ತಕದಲ್ಲೂ ಇಂಥವೇ ಹೆಸರುಗಳಿವೆ. 'ಮುಸ್ಲಿಮರ ಭಾಷೆ'ಯನ್ನು ಬೇಡ ಅಂದು ಸತ್ತವರೂ ಮುಸ್ಲಿಮರೇ.

ಮೆಡಿಕಲ್ ವಿದ್ಯಾರ್ಥಿಗಳು 23ರ ರಾತ್ರಿ ನಿದ್ದೆಗೆಟ್ಟು ಒಂದು ಸ್ಮಾರಕ ಕಟ್ಟಿದರು. 26ರಂದು ಅದನ್ನು ಕೆಡವಿಸಲಾಯಿತು. ಆದರೆ ಜನರ ಮನಸ್ಸಿನಿಂದ ಕೆಡವಲಾಗಲಿಲ್ಲ. 1954ರ ಚುನಾವಣೆಯಲ್ಲಿ ಪೂರ್ವ ಬಂಗಾಳದ ಜನ ಮುಸ್ಲಿಂ ಲೀಗನ್ನು ಧೂಳೀಪಟ ಮಾಡಿದರು. ಗೆದ್ದ ಸಂಯುಕ್ತ ರಂಗದ 21 ಅಂಶಗಳ ಪ್ರಣಾಳಿಕೆಯಲ್ಲಿ ಮೊದಲನೆಯದೇ ಬಂಗಾಳಿಗೆ ರಾಷ್ಟ್ರಭಾಷೆಯ ಸ್ಥಾನ. 1956ರ ಸಂವಿಧಾನದಲ್ಲಿ ಉರ್ದು, ಬಂಗಾಳಿ ಎರಡೂ ರಾಷ್ಟ್ರಭಾಷೆಗಳಾದವು. ಅಷ್ಟರಲ್ಲಿ ಬಿರುಕು ಬಿಟ್ಟಾಗಿತ್ತು. 1971ರ ಮಾರ್ಚಿನಲ್ಲಿ ಪಾಕಿಸ್ತಾನಿ ಸೈನಿಕರು ಧೀರೇಂದ್ರನಾಥ ದತ್ತರನ್ನು ಮನೆಯಿಂದ ಎಳೆದುಕೊಂಡು ಹೋಗಿ ಕೊಂದರು. ಅದೇ ವರ್ಷದ ಕೊನೆಗೆ ಬಾಂಗ್ಲಾದೇಶ ಸ್ವತಂತ್ರವಾಯಿತು. ಒಂದು ಭಾಷೆಯಿಂದ ದೇಶವನ್ನು ಕಟ್ಟುತ್ತೇವೆಂದು ಹೊರಟವರಿಗೆ ದೇಶವೇ ಎರಡಾಯಿತು. ಯುನೆಸ್ಕೋ 1999ರಲ್ಲಿ ಆ ತಾರೀಖನ್ನು ಮಾತೃಭಾಷಾ ದಿನವೆಂದು ಘೋಷಿಸಿತು.

'ಅದು ಪಾಕಿಸ್ತಾನದ ತಪ್ಪು, ನಮಗೇನು?' ಅಂತ ನೀವು ಕೇಳಬಹುದು. ಆದ್ದರಿಂದ ಢಾಕಾ ಬಿಟ್ಟು ನಾನಿರುವ ಊರಿಗೇ ಬರೋಣ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನೆಯ ಮಾಧ್ಯಮ ಮಾಡಿಕೊಂಡಿತು. ವೈದ್ಯಕೀಯ, ಎಂಜಿನಿಯರಿಂಗ್ ಕೂಡ ಉರ್ದುವಿನಲ್ಲಿ. ಅದಕ್ಕಾಗಿ 'ದಾರುಲ್ ತರ್ಜುಮಾ' ಎಂಬ ಅನುವಾದ ವಿಭಾಗ ಕಟ್ಟಿ ಪುಸ್ತಕಗಳನ್ನು ತಯಾರು ಮಾಡಿಸಿದರು. ಬ್ರಿಟಿಷರ ಕಾಲದಲ್ಲಿ, ದೇಶದ ಉಳಿದ ಬಹುತೇಕ ವಿಶ್ವವಿದ್ಯಾಲಯಗಳು ಇಂಗ್ಲಿಷಿಗೆ ಜೋತುಬಿದ್ದಿದ್ದಾಗ ಭಾರತದ ಭಾಷೆಯೊಂದು ಇಷ್ಟು ಎತ್ತರಕ್ಕೆ ಏರಬಲ್ಲದು ಎಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ. ಉರ್ದು ಮೇಷ್ಟ್ರಾಗಿ ಇದನ್ನು ಹೆಮ್ಮೆಯಿಂದ ಹೇಳುತ್ತೇನೆ.

ಆದರೆ ಹೆಮ್ಮೆಯ ಇನ್ನೊಂದು ಮಗ್ಗುಲೂ ಇದೆ. ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ತೆಲುಗರು, ಕಾಲು ಭಾಗ ಮರಾಠಿಗರು, ಹತ್ತನೇ ಒಂದಕ್ಕಿಂತ ತುಸು ಹೆಚ್ಚು ಕನ್ನಡಿಗರು. ಉರ್ದು ಮಾತಾಡುವವರೂ ಹತ್ತನೇ ಒಂದರ ಆಸುಪಾಸು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡದ ಹುಡುಗ ಮೇಲಕ್ಕೆ ಓದಬೇಕಾದರೆ, ಕಚೇರಿಯಲ್ಲಿ ನೌಕರಿ ಹಿಡಿಯಬೇಕಾದರೆ ಉರ್ದು ಬರಲೇಬೇಕು. ಖಾಸಗಿ ಶಾಲೆ ತೆರೆಯಲು ಸರ್ಕಾರದ ಪೂರ್ವಾನುಮತಿ ಬೇಕು. ಇಂಗ್ಲಿಷಿನ ಭಾರದಿಂದ ಉರ್ದುವಿನವರನ್ನು ಬಿಡಿಸಿದ ವಿಶ್ವವಿದ್ಯಾಲಯವೇ ಕನ್ನಡದ ಹುಡುಗನ ತಲೆಯ ಮೇಲೆ ಇನ್ನೊಂದು ಭಾರ ಹೊರಿಸಿತು.

ಇದೇ ಹೈದರಾಬಾದಿನಲ್ಲಿ 1921ರ ನವೆಂಬರಿನಲ್ಲಿ ಒಂದು ಘಟನೆ ನಡೆಯಿತು. ಮಹರ್ಷಿ ಕರ್ವೆ ಅವರ ಅಧ್ಯಕ್ಷತೆಯಲ್ಲಿ ಸಮಾಜ ಸುಧಾರಣಾ ಸಮ್ಮೇಳನ. ಆಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ತೆಲುಗಿನಲ್ಲಿ ಮಾತಾಡಲು ಎದ್ದರು. ಸಭೆ ಅವರನ್ನು ಗೇಲಿ ಮಾಡಿ ಕೂರಿಸಿತು. ಆ ಅವಮಾನದಿಂದಲೇ ಆಂಧ್ರ ಜನ ಸಂಘ ಹುಟ್ಟಿತು, ತೆಲಂಗಾಣದ ತೆಲುಗು ಚಳವಳಿ ಬೆಳೆಯಿತು. ಈ ಘಟನೆಯಲ್ಲಿ ನನ್ನನ್ನು ಕಾಡುವ ವಿಷಯ ಒಂದಿದೆ. ಗೇಲಿ ಮಾಡಿದವರು ನಿಜಾಮರ ಅಧಿಕಾರಿಗಳಲ್ಲ. ಮುಖ್ಯವಾಗಿ ಮರಾಠಿ ಸಭಿಕರು. ಅಂದ್ರೆ, ಆ ಸಂಸ್ಥಾನದ ಕಚೇರಿಗಳಲ್ಲಿ ಯಾರ ಭಾಷೆಗೂ ಜಾಗ ಇರಲಿಲ್ಲವೋ ಅವರೇ.

ಅದೇ ಕಾಲದಲ್ಲಿ ನಮ್ಮ ರಾಯಚೂರಿನಲ್ಲಿ ಬೇರೆ ಥರದ ಕೆಲಸವೂ ನಡೆಯಿತು. ಪಂಡಿತ ತಾರಾನಾಥರು 1920ರ ದಶಕದ ಆರಂಭದಲ್ಲಿ ಒಂದು ರಾಷ್ಟ್ರೀಯ ಶಾಲೆ ತೆರೆದರು. ಹೆಸರು 'ಹಮ್‌ದರ್ದ್'. ಇನ್ನೊಬ್ಬರ ನೋವಿಗೆ ಜೊತೆಯಾಗುವವನು ಅಂತ ಅದರ ಅರ್ಥ. ಕನ್ನಡ ನೆಲದ ಶಾಲೆಗೆ ಅವರು ಉರ್ದು ಹೆಸರಿಟ್ಟರು. ಊರಿನವರಿಗೆ ಅದು ಹೇರಿಕೆ ಅನ್ನಿಸಲಿಲ್ಲ, ಪ್ರೀತಿಯಿಂದ ಬಾಯಲ್ಲಿಟ್ಟುಕೊಂಡರು. ಅದೇ ಭಾಷೆ ಕಚೇರಿಯ ಕಿಟಕಿಯಲ್ಲಿ ಜನರನ್ನು ಹೆದರಿಸುತ್ತಿತ್ತು, ಈ ಶಾಲೆಯ ಬಾಗಿಲಲ್ಲಿ ಕರೆಯುತ್ತಿತ್ತು.

1947ರ ನಂತರ ಭಾರತದಲ್ಲಿ ಉರ್ದುವಿನ ಸ್ಥಿತಿ ತಿರುವುಮುರುವಾಯಿತು. ಸಂವಿಧಾನ ಸಭೆ ಶುರುವಾದ ಮೊದಲ ದಿನಗಳಲ್ಲೇ, 1946ರ ಡಿಸೆಂಬರಿನಲ್ಲಿ, ಝಾನ್ಸಿಯ ಆರ್.ವಿ. ಧುಳೇಕರ್ ಅವರು ಹಿಂದೂಸ್ತಾನಿ ಬಾರದವರಿಗೆ ಈ ದೇಶದಲ್ಲಿರುವ ಹಕ್ಕಿಲ್ಲ ಎಂಬರ್ಥದ ಮಾತಾಡಿದ್ದರು. ಗಾಂಧೀಜಿ ಬಯಸಿದ್ದು ನಾಗರಿ ಮತ್ತು ಉರ್ದು ಎರಡೂ ಲಿಪಿಗಳ ಹಿಂದೂಸ್ತಾನಿಯನ್ನು. 1949ರ ಸೆಪ್ಟೆಂಬರ್ 14ರಂದು ಸಭೆ ಒಪ್ಪಿದ್ದು ನಾಗರಿ ಲಿಪಿಯ ಹಿಂದಿಯನ್ನು. 15 ವರ್ಷ ಇಂಗ್ಲಿಷ್ ಜೊತೆಗಿರುತ್ತದೆ ಎಂದಾಯಿತು. ಒಂದು ಒಳ್ಳೆಯ ಕೆಲಸವನ್ನೂ ಸಭೆ ಮಾಡಿತು. ಸಂವಿಧಾನದಲ್ಲಿ ಎಲ್ಲಿಯೂ 'ರಾಷ್ಟ್ರಭಾಷೆ' ಎಂಬ ಪಟ್ಟವನ್ನು ಯಾವ ಭಾಷೆಗೂ ಕಟ್ಟಲಿಲ್ಲ. ಎಂಟನೇ ಪರಿಚ್ಛೇದದಲ್ಲಿ ಕನ್ನಡ, ಉರ್ದು ಸೇರಿ 14 ಭಾಷೆಗಳನ್ನು ಹೆಸರಿಸಿತು. ಈಗ ಅವು 22.

15 ವರ್ಷ ಮುಗಿಯುವ ಹೊತ್ತಿಗೆ ಏನಾಯಿತು ಅಂತ ಚೆನ್ನೈನಲ್ಲಿರುವ ಓದುಗರಿಗೆ ನಾನು ಹೇಳಬೇಕಿಲ್ಲ. 1964ರ ಜನವರಿಯಲ್ಲಿ ಚಿನ್ನಸಾಮಿ ಎಂಬ ಯುವಕ ತಿರುಚಿಯಲ್ಲಿ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. 1965ರ ಜನವರಿ, ಫೆಬ್ರವರಿಯಲ್ಲಿ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಫೆಬ್ರವರಿ 11ರಂದು ರೇಡಿಯೋದಲ್ಲಿ ಭರವಸೆ ಕೊಡಬೇಕಾಯಿತು. 1967ರ ತಿದ್ದುಪಡಿಯಿಂದ ಹಿಂದಿಯೇತರ ರಾಜ್ಯಗಳು ಒಪ್ಪುವವರೆಗೂ ಇಂಗ್ಲಿಷ್ ಮುಂದುವರಿಯುವ ಕಾನೂನು ಬಂತು. ಢಾಕಾದಲ್ಲಿ ಪಾಠ ಕಲಿಯಲಿಲ್ಲ, ದೆಹಲಿಯಲ್ಲಿ ತಡವಾಗಿಯಾದರೂ ಕಲಿತರು. ದೇಶ ಉಳಿಯಿತು.

ಇತ್ತ ಉರ್ದುವಿನ ತವರಿನಲ್ಲೇ ಉರ್ದು ಅರ್ಜಿ ಹಿಡಿದು ನಿಂತಿತ್ತು. ಉತ್ತರ ಪ್ರದೇಶ 1951ರಲ್ಲಿ ಹಿಂದಿಯೊಂದನ್ನೇ ಆಡಳಿತ ಭಾಷೆ ಮಾಡಿತು. ಜಾಕಿರ್ ಹುಸೇನರ ಮುಂದಾಳತ್ವದಲ್ಲಿ ಉರ್ದುವಿಗೂ ಒಂದು ಸ್ಥಾನ ಕೊಡಿ ಎಂದು 20 ಲಕ್ಷಕ್ಕೂ ಹೆಚ್ಚು ಜನರ ಸಹಿ ಸಂಗ್ರಹಿಸಿ 1954ರಲ್ಲಿ ರಾಷ್ಟ್ರಪತಿಗಳಿಗೆ ಸಲ್ಲಿಸಿದರು. ಎರಡನೇ ಆಡಳಿತ ಭಾಷೆಯಾಗಲು ಅಲ್ಲಿ 1989ರವರೆಗೆ ಕಾಯಬೇಕಾಯಿತು. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರ್ ಪುರಸಭೆಯ ನಾಮಫಲಕದಲ್ಲಿ ಮರಾಠಿಯ ಕೆಳಗೆ ಉರ್ದು ಇರಬಾರದೆಂದು ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಏಪ್ರಿಲಿನಲ್ಲಿ ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿ, ಭಾಷೆಯೆಂದರೆ ಧರ್ಮವಲ್ಲ ಎಂದು ಹೇಳಿತು. ಢಾಕಾದ ಹುಡುಗರು 1952ರಲ್ಲೇ ಹೇಳಿದ್ದ ಮಾತದು.

ನಮ್ಮ ಕನ್ನಡವೂ ಈ ಲೆಕ್ಕದಿಂದ ಹೊರಗಿಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ತನ್ನ ನೆಲದಲ್ಲಿ ತನಗೆ ಮೊದಲ ಸ್ಥಾನ ಬೇಕೆಂದು ಕನ್ನಡ ಕೇಳಿತು. ಕೇಳಿದ್ದು ನ್ಯಾಯವೇ. ಆದರೆ 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಉರ್ದು ವಾರ್ತೆ ಶುರುವಾದಾಗ ಗಲಭೆ ಎದ್ದು ಜನ ಸತ್ತರು. ದಿನಕ್ಕೆ ಕೆಲವೇ ನಿಮಿಷಗಳ ವಾರ್ತೆ ಅದು. ಅಸ್ಸಾಮಿನಲ್ಲೂ ಹೀಗೇ ಆಯಿತು. 1836ರಿಂದ 1873ರವರೆಗೆ ಅಲ್ಲಿನ ಕೋರ್ಟು, ಶಾಲೆಗಳಲ್ಲಿ ಅಸ್ಸಾಮಿಯನ್ನು ತಳ್ಳಿ ಬ್ರಿಟಿಷರು ಬಂಗಾಳಿಯನ್ನು ಕೂರಿಸಿದ್ದರು. 1960ರಲ್ಲಿ ಅಸ್ಸಾಮಿ ಆಡಳಿತ ಭಾಷೆಯಾದಾಗ ಬರಾಕ್ ಕಣಿವೆಯ ಬಂಗಾಳಿಗಳು ವಿರೋಧಿಸಿದರು. 1961ರ ಮೇ 19ರಂದು ಸಿಲ್ಚಾರ್ ರೈಲು ನಿಲ್ದಾಣದಲ್ಲಿ ಪೊಲೀಸರ ಗುಂಡಿಗೆ 11 ಜನ ಬಲಿಯಾದರು. ಭಾಷೆಗಾಗಿ ಹುಟ್ಟಿದ ಬಾಂಗ್ಲಾದೇಶದಲ್ಲೂ 1972ರಲ್ಲಿ ಸಂವಿಧಾನ ಬರೆಯುವಾಗ ನಾಗರಿಕರೆಲ್ಲ 'ಬಂಗಾಳಿ'ಗಳು ಅಂದರು. ಚಿತ್ತಗಾಂಗ್ ಗುಡ್ಡಗಾಡಿನ ಮಾನವೇಂದ್ರ ನಾರಾಯಣ ಲಾರ್ಮಾ ಎದ್ದು, ನಾನು ಚಕ್ಮಾ, ಬಂಗಾಳಿಯಲ್ಲ ಎಂದು ಪ್ರತಿಭಟಿಸಿದರು. ಇನ್ನು ಅಲ್ಲಿದ್ದ ಉರ್ದು ಭಾಷಿಕರು ಢಾಕಾದ ಜಿನೀವಾ ಕ್ಯಾಂಪಿನಂಥ ಇಕ್ಕಟ್ಟಾದ ಕ್ಯಾಂಪುಗಳಲ್ಲಿ ಬದುಕು ಸವೆಸಿದರು. ಪೌರತ್ವದ ಹಕ್ಕು ಅವರಿಗೆ ಖಾತ್ರಿಯಾದದ್ದು 2008ರ ಹೈಕೋರ್ಟ್ ತೀರ್ಪಿನಿಂದ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ನಿನ್ನೆ ಪೆಟ್ಟು ತಿಂದವರು ಇವತ್ತು ಕೋಲು ಹಿಡಿಯುವುದು ಎಷ್ಟು ಸುಲಭ ಅಂತ ತೋರಿಸಲಿಕ್ಕೆ. 'ನಮ್ಮ ಭಾಷೆಗೆ ಅನ್ಯಾಯವಾಗಿದೆ' ಎಂದು ಕೂಗುವ ಮೊದಲು, ನಮ್ಮ ಭಾಷೆಯ ಕೈಯಲ್ಲಿ ಕೋಲಿದ್ದಾಗ ನಾವೇನು ಮಾಡಿದೆವು ಅಂತಲೂ ಕೇಳಿಕೊಳ್ಳಬೇಕು. ಆಗ ನಮ್ಮ ಕೂಗಿಗೂ ಬೆಲೆ ಬರುತ್ತದೆ.

ಹಾಗಾದರೆ ಇನ್ನೊಂದು ಭಾಷೆ ಕಲಿಯುವುದೇ ತಪ್ಪೇ? ಖಂಡಿತ ಅಲ್ಲ. ತೆಲುಗು ಮನೆಯ ಮಕ್ಕಳು ನನ್ನ ಹತ್ತಿರ ಖುಷಿಯಿಂದ ಉರ್ದು ಕಲಿತಿದ್ದಾರೆ. ನಾನು ಅವರಿಂದ ತೆಲುಗು ಕಲಿತಿದ್ದೇನೆ. ಕಲಿಯೋದು ಬೇರೆ, ಹೇರೋದು ಬೇರೆ. ವ್ಯತ್ಯಾಸ ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ಈ ಭಾಷೆ ಬಾರದಿದ್ದರೆ ನನಗೆ ಏನು ತಪ್ಪಿಹೋಗುತ್ತದೆ? ಒಂದು ಒಳ್ಳೆಯ ಪುಸ್ತಕ, ಒಬ್ಬ ಸ್ನೇಹಿತ ತಪ್ಪಿದರೆ ಅದು ನಮ್ಮ ನಷ್ಟ, ಕಲಿತು ತುಂಬಿಕೊಳ್ಳೋಣ. ನೌಕರಿ, ಪಡಿತರ, ಕೋರ್ಟಿನ ನ್ಯಾಯ, ಬ್ಯಾಂಕಿನ ಚಲನ್ ತಪ್ಪಿದರೆ ಅದು ಹೇರಿಕೆ. ನಾವು ಹುಟ್ಟಿದ ದೇಶದಲ್ಲೇ ನಾವು ಅನಕ್ಷರಸ್ಥರಾಗುವುದು ಹೀಗೆ.

'ಮುಸ್ಲಿಮರ ಭಾಷೆ ಉರ್ದು' ಅನ್ನುವವರಿಗೆ ಕರ್ನಾಟಕವನ್ನೇ ತೋರಿಸಿ. ಮಂಗಳೂರು ಕಡೆ ಬ್ಯಾರಿ ಭಾಷೆ, ಭಟ್ಕಳದಲ್ಲಿ ನವಾಯತಿ, ನಮ್ಮ ಕಡೆ ದಖ್ಖನಿ, ಹಲವು ಮನೆಗಳಲ್ಲಿ ಕನ್ನಡವೇ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಕನಿಷ್ಠ 10,000 ಜನ ಮಾತಾಡುವ ಭಾಷೆಗಳೇ 121. ಬ್ಯಾರಿಯಂಥ ಅನೇಕ ಮಾತುಗಳು ಆ ಪಟ್ಟಿಯಲ್ಲಿ ಬೇರೆ ಭಾಷೆಯ ಹೆಸರಿನ ಕೆಳಗೆ ಸೇರಿಹೋಗುತ್ತವೆ.

ಕೊನೆಯದಾಗಿ, ಆ ಹುಡುಗನ ವಿಷಯದಲ್ಲಿ ನಾನು ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಅವತ್ತು ಅವನನ್ನು ಕೂರಿಸುವ ಮೊದಲು ನಾನು ಅವನ ಮಾತು ತಿದ್ದಿದೆ. 'ಕಾಯ್ಕು' ಅನ್ನಬಾರದು, 'ಕ್ಯೂಂ' ಅನ್ನಬೇಕು, ಸರಿಯಾದ ಉರ್ದು ಮಾತಾಡು ಅಂದೆ. ತರಗತಿ ನಕ್ಕಿತು. ಅವನ ಕಿವಿ ಕೆಂಪಾಯಿತು. ಮಾತೃಭಾಷಾ ದಿನದಂದು ಒಬ್ಬ ಹುಡುಗನ ಮಾತೃಭಾಷೆಯನ್ನು ನಗೆಪಾಟಲು ಮಾಡಿದವನು ನಾನೇ. ನನ್ನ ಅಮ್ಮನೂ 'ಕಾಯ್ಕು' ಅಂತಲೇ ಅನ್ನುತ್ತಾಳೆ.

ದಖ್ಖನಿ ಕೆಟ್ಟ ಉರ್ದುವಲ್ಲ. ಬಿಜಾಪುರ, ಗೋಲ್ಕೊಂಡದ ದರ್ಬಾರುಗಳಲ್ಲಿ ಕಾವ್ಯ ಕಟ್ಟಿದ ಭಾಷೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನೌರಸ್' ಬರೆದದ್ದು ಇದರಲ್ಲೇ. ದಕ್ಷಿಣದ ಕವಿ ವಲೀ 1700ರಲ್ಲಿ ದೆಹಲಿಗೆ ಹೋದ ಮೇಲೆಯೇ ಅಲ್ಲಿನವರಿಗೆ ಪಾರ್ಸಿ ಬಿಟ್ಟು ತಮ್ಮ ಮಾತಿನಲ್ಲೇ ಗಜಲ್ ಬರೆಯುವ ಧೈರ್ಯ ಬಂತು. ನಮ್ಮ 'ನಕ್ಕೋ' ಬಂದದ್ದು ಮರಾಠಿಯಿಂದ. ಆ ಹುಡುಗನ 'ಕೂಚ್'ನಲ್ಲಿರುವ ಒತ್ತೂ ಮರಾಠಿಯದೇ. ನೆರೆಹೊರೆಯವರ ಜೊತೆ ನೂರಾರು ವರ್ಷ ಬಾಳಿದ ಗುರುತುಗಳಿವು. ಅವನ್ನು ನಾನು ತಪ್ಪು ಅಂತ ಕೆಂಪು ಮಸಿಯಲ್ಲಿ ಗುರುತು ಹಾಕುತ್ತಿದ್ದೆ.

ಈಗ ಪ್ರತಿ ಫೆಬ್ರವರಿ 21ರಂದು ನಾನು ಬೋರ್ಡಿನ ಮೇಲೆ ಉರ್ದುವಿನ ಹಿರಿಮೆ ಬರೆಸುವುದಿಲ್ಲ. ಬರ್ಕತ್, ರಫೀಕ್, ಜಬ್ಬಾರ್, ಸಲಾಂ, ಶಫಿಯುರ್ ಕಥೆ ಹೇಳುತ್ತೇನೆ. ಅವರು ಯಾವ ಭಾಷೆಯ ಹೇರಿಕೆಯನ್ನು ವಿರೋಧಿಸಿದರು ಅಂತಲೂ ಹೇಳುತ್ತೇನೆ. ಆಮೇಲೆ ಮಕ್ಕಳನ್ನು ಕರೆದು, ನಿಮ್ಮ ನಿಮ್ಮ ಮನೆಯಲ್ಲಿ 'ಯಾಕೆ' ಅನ್ನೋದಕ್ಕೆ ಏನಂತೀರೋ ಅದನ್ನು ಬರೆಯಿರಿ ಅನ್ನುತ್ತೇನೆ. ಕಾಯ್ಕು, ಎಂದುಕು, ಕಾ, ಯಾಕೆ, ಕ್ಯೂಂ. ಬೋರ್ಡು ತುಂಬುತ್ತದೆ. ಸಂಜೆ ಬಾಗಿಲು ಹಾಕುವಾಗ ಅದನ್ನು ಒರೆಸದೆ ಬಿಟ್ಟು ಬರುತ್ತೇನೆ. ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಈ ಫೆಬ್ರವರಿಯಲ್ಲಿ ನಿಮ್ಮ ಮಕ್ಕಳಿಂದಲೂ ಅದನ್ನು ಒಂದು ಹಾಳೆಯ ಮೇಲೆ ಬರೆಸಿ ನೋಡಿ.